ಟ್ಯಾನ್ ಟ್ಯಾಟೂ ಕಿಟ್: ವಿಜಯಪುರದ ಬಿಸಿಲಲ್ಲಿ ಇದು ಬೇಕಾ?

ಮೊದಲೇ ಹೇಳಿಬಿಡುತ್ತೇನೆ. ಕಿಟ್ ಕೆಲಸ ಮಾಡುತ್ತದೆ, ಆದರೆ ನಮ್ಮ ಮೈಬಣ್ಣಕ್ಕೂ ನಮ್ಮೂರ ಸೆಕೆಗೂ ಮಾಡಿದ್ದಲ್ಲ. ಐದಕ್ಕೆ ಎರಡೂವರೆ ಸ್ಟಾರ್, ಅದೂ ಸ್ಟಿಕರ್ ಚೆನ್ನಾಗಿವೆ ಅಂತ.

ಟ್ಯಾನ್ ಟ್ಯಾಟೂ ಅಂದರೆ ಏನು ಅನ್ನುವವರು ನಿಮ್ಮ ಪಾದ ನೋಡಿಕೊಳ್ಳಿ. ಚಪ್ಪಲಿ ಪಟ್ಟಿ ಇರುವಲ್ಲಿ ಬೆಳ್ಳಗೆ, ಉಳಿದ ಕಡೆ ಕರ್ರಗೆ ಆಗಿರುತ್ತದೆ ಅಲ್ವಾ, ಅದೇ ಇದು. ಪಟ್ಟಿಯ ಬದಲು ಹೂವು, ಚಿಟ್ಟೆ, ಚಂದ್ರನ ಆಕಾರದ ಸ್ಟಿಕರ್ ಅಂಟಿಸಬೇಕು, ಸುತ್ತಲಿನ ಚರ್ಮ ಕಂದು ಮಾಡಬೇಕು, ಆಮೇಲೆ ಸ್ಟಿಕರ್ ಕಿತ್ತರೆ ನಮ್ಮ ಮೂಲ ಬಣ್ಣದಲ್ಲೇ ಚಿತ್ರ ಉಳಿಯುತ್ತದೆ. ಸೂಜಿ ಇಲ್ಲ, ನೋವಿಲ್ಲ. ಆನ್‌ಲೈನ್‌ನಲ್ಲಿ 600 ರೂಪಾಯಿ ಆಸುಪಾಸು. ಡಬ್ಬಿಯೊಳಗೆ ಒಂದು ಲೋಷನ್ ಟ್ಯೂಬು, ಒಂದು ಸ್ಟಿಕರ್ ಹಾಳೆ, ಹಚ್ಚಿಕೊಳ್ಳಲು ಸ್ಪಂಜಿನ ಕೈಗವಸು. ಕಂಪನಿ ಹೆಸರು ಬರೆಯುವುದಿಲ್ಲ, ಇಂಥವು ಹತ್ತಾರು ಹೆಸರಲ್ಲಿ ಬರುತ್ತವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ಪಾರ್ಸೆಲ್ ಬಂದಾಗ ನಮ್ಮ ಅತ್ತೆ ಡಬ್ಬಿ ತಿರುಗಿಸಿ ನೋಡಿ, "ರೊಕ್ಕಾ ಕೊಟ್ಟು ಕರ್ರಗಾಗೂದೇನ ಇದು? ಮಾಳಗಿ ಮ್ಯಾಲ ನಿಂದ್ರ, ಪುಕ್ಕಟ ಆಗತೈತಿ" ಅಂದರು. ಮಾತು ಸುಳ್ಳಲ್ಲ. ನಮ್ಮೂರ ಯಾವ ಬ್ಯೂಟಿ ಪಾರ್ಲರಿಗೆ ಹೋದರೂ ಡಿ-ಟ್ಯಾನ್ ಪ್ಯಾಕ್ ಮಾಡಿಸಿಕೊಳ್ಳಿ ಅಂತ ಬೆನ್ನು ಹತ್ತುತ್ತಾರೆ, ಇದು ನೋಡಿದರೆ ಟ್ಯಾನ್ ಮಾರುತ್ತದೆ.

ಆದರೆ ಮಾಳಿಗೆ ಮೇಲೆ ನಿಲ್ಲುವ ದಾರಿ ಮಾತ್ರ ಬೇಡ. ಡಬ್ಬಿಯ ಹಿಂದೆ ಎರಡು ವಿಧಾನ ಬರೆದಿದ್ದಾರೆ, ಒಂದು ಲೋಷನ್, ಇನ್ನೊಂದು ಸ್ಟಿಕರ್ ಅಂಟಿಸಿಕೊಂಡು ಬಿಸಿಲಿಗೆ ಕೂರುವುದು. ಈ ಎರಡನೆಯದನ್ನು ಓದಿ ನನಗೆ ಸಿಟ್ಟೇ ಬಂತು. ಬಿಸಿಲಿನ ಯುವಿ ಸೂಚ್ಯಂಕ, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣದ ಅಳತೆ, 11 ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಅತಿ ತೀವ್ರ, ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಮಧ್ಯಾಹ್ನ ಅದನ್ನು ದಾಟುವುದು ಮಾಮೂಲು. ಚರ್ಮ ಕಪ್ಪಾಗುವುದೇ ಒಳಗೆ ಪೆಟ್ಟು ಬಿದ್ದಿದೆ ಅನ್ನುವುದಕ್ಕೆ ಗುರುತು, ಇನ್ನಷ್ಟು ಪೆಟ್ಟು ಬೀಳದಿರಲಿ ಅಂತ ಅದು ಮೆಲನಿನ್ ಅನ್ನುವ ಕಂದು ಬಣ್ಣದ ವಸ್ತು ಹೆಚ್ಚಿಸಿಕೊಳ್ಳುತ್ತದೆ. ಮಲಗಿ ಟ್ಯಾನ್ ಮಾಡಿಕೊಳ್ಳುವ ಯುವಿ ದೀಪದ ಮಂಚಗಳನ್ನು 2009ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದಾರೆ. ನಮ್ಮದು ಕಂದು ಚರ್ಮ, ನಮಗೇನೂ ಆಗಲ್ಲ ಅನ್ನುವವರಿದ್ದಾರೆ. ನಮಗೆ ಅಪಾಯ ಕಡಿಮೆ ನಿಜ, ಇಲ್ಲವೇ ಇಲ್ಲ ಅಂತಲ್ಲ, ಅದರ ಮೇಲೆ ಕಲೆ ಬಿದ್ದರೆ ನಮ್ಮಂಥ ಚರ್ಮದಲ್ಲಿ ತಿಂಗಳುಗಟ್ಟಲೆ ಹೋಗುವುದಿಲ್ಲ.

ಲೋಷನ್ ವಿಷಯ ಬೇರೆ. ಇದಕ್ಕೆ ಬಿಸಿಲೇ ಬೇಡ. ಇದರಲ್ಲಿರುವುದು ಡೈಹೈಡ್ರಾಕ್ಸಿಅಸಿಟೋನ್, ಚುಟುಕಾಗಿ ಡಿಎಚ್ಎ, ಒಂದು ಬಗೆಯ ಸಕ್ಕರೆ. ಚರ್ಮದ ಮೇಲಿನ ಸತ್ತ ಪದರದ ಅಮೈನೋ ಆಮ್ಲಗಳ ಜೊತೆ ಸೇರಿ ಕಂದಾಗುತ್ತದೆ. ಹಂಚಿನ ಮೇಲೆ ರೊಟ್ಟಿ ಕೆಂಪಗಾಗುತ್ತದಲ್ಲ, ಆ ಜಾತಿಯದೇ ಕ್ರಿಯೆ, ಇಲ್ಲಿ ಬೆಂಕಿ ಮಾತ್ರ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಅನ್ನುವ ವಿಜ್ಞಾನಿ ಕಾಯಿಲೆ ಮಕ್ಕಳಿಗೆ ಇದನ್ನು ಔಷಧಿಯಾಗಿ ಕುಡಿಸುತ್ತಿದ್ದರು. ಮೈಮೇಲೆ ಚೆಲ್ಲಿದ ಕಡೆ ಚರ್ಮ ಕಂದಾಗಿದ್ದು, ಬಟ್ಟೆಗೆ ಏನೂ ಆಗದ್ದು ನೋಡಿದಾಗ ಗೊತ್ತಾದ ಗುಣ ಇದು.

ಈಗ ನಮ್ಮ ಅನುಭವ. ಭಾವನ ಮಗಳಿಗೆ ಕಾಲೇಜಿನ ಗ್ಯಾದರಿಂಗ್ ಇತ್ತು, ಅವಳ ಆಸೆಗೇ ತರಿಸಿದ್ದು. ಹಿಂದಿನ ದಿನ ಕೈ ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ಸ್ಟಿಕರ್ ಅಂಟಿಸಿ ಅಂಚನ್ನೆಲ್ಲ ಉಗುರಿಂದ ಒತ್ತಿದೆವು. ಅಂಚು ಒತ್ತುವುದೇ ಮುಖ್ಯ, ಅಲ್ಲಿ ಒಂಚೂರು ಎದ್ದರೂ ಲೋಷನ್ ಒಳಗೆ ಹೋಗುತ್ತದೆ. ಹಚ್ಚಿದ ಮೇಲೆ ಆರೆಂಟು ತಾಸು ನೀರು ಮುಟ್ಟಬಾರದು, ಬೆವರಬಾರದು. ಬೆವರಬಾರದಂತೆ, ವಿಜಯಪುರದಲ್ಲಿ! ಮಧ್ಯಾಹ್ನ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಮೊಣಕೈ ಹತ್ತಿರದ ಚಿಟ್ಟೆ ಒಂದು ಕಡೆಯಿಂದ ಸುರುಳಿ ಸುತ್ತಿಕೊಂಡು ಎದ್ದೇಬಿಟ್ಟಿತು. ಕಿತ್ತಾಗ ಒಂದು ರೆಕ್ಕೆ ಇದೆ, ಇನ್ನೊಂದು ಕಂದು ಮಚ್ಚೆ. "ಕಾಕೂ, ಇದು ಚಿಟ್ಟಿ ಅಲ್ಲ, ಹಲ್ಲಿ ಆಗೇತಿ" ಅಂತ ಅವಳು.

ಮುಂಗೈ ಒಳಭಾಗದ ಚಂದ್ರ ಮಾತ್ರ ನಿಜಕ್ಕೂ ಚೆಂದ ಬಂತು, ಅಂಚು ಕತ್ತರಿಸಿದ ಹಾಗೆ. ಅಲ್ಲಿ ಚರ್ಮ ತಿಳಿ ಬಣ್ಣ, ಬೆವರೂ ಕಡಿಮೆ. ಅದೇ ಸ್ಟಿಕರನ್ನು ನನ್ನ ತೋಳಿನ ಹೊರಗಡೆ ಹಾಕಿದರೆ ಕಿಟಕಿ ಹತ್ತಿರ ಹೋಗಿ ತಿರುಗಿಸಿ ನೋಡಬೇಕು, ಆಗ ಏನೋ ಇದೆ ಅನ್ನಿಸುತ್ತದೆ, ಅಷ್ಟೇ. ಮೊದಲೇ ಕಂದು ಇರುವ ಚರ್ಮಕ್ಕೆ ಇನ್ನೊಂದು ಕೈ ಕಂದು ಬಳಿದರೆ ಎಷ್ಟು ವ್ಯತ್ಯಾಸ ಕಂಡೀತು? ಡಬ್ಬಿ ಮೇಲಿನ ಫೋಟೋದ ಹುಡುಗಿ ಹಾಲಿನಂತೆ ಬೆಳ್ಳಗಿದ್ದಾಳೆ, ಎಲ್ಲ ಬಣ್ಣದ ಚರ್ಮಕ್ಕೂ ಅಂತ ಕೆಳಗೆ ಬರೆದಿದ್ದಾರೆ. ಇದಕ್ಕೇ ಒಂದು ಸ್ಟಾರ್ ಕಟ್.

ಇನ್ನು ಸಣ್ಣಪುಟ್ಟವು. ಹಿಟ್ಟು ಹಿಟ್ಟು, ಸಿಹಿ ಸಿಹಿ ವಾಸನೆ ಬರುತ್ತದೆ, ಸ್ನಾನದವರೆಗೂ ಹೋಗಲ್ಲ. ಹಚ್ಚಿದ ತಕ್ಷಣ ಅಂಗೈ ಸೋಪಿನಿಂದ ತೊಳೆಯದಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊಣಕೈ, ಮೊಣಕಾಲು, ಹಿಮ್ಮಡಿಯ ಒರಟು ಚರ್ಮದಲ್ಲಿ ಬಣ್ಣ ಜಾಸ್ತಿ ಹಿಡಿದು ಕೊಳೆ ಥರ ಕಾಣುತ್ತದೆ. ಲೋಷನ್‌ಗೆ ಬೇರೆ ಬಣ್ಣ ಬೆರೆಸಿರುತ್ತಾರೆ, ಅದು ದಿಂಬಿಗೂ ಬಿಳಿ ಬಟ್ಟೆಗೂ ಹತ್ತುತ್ತದೆ. ಸತ್ತ ಪದರ ಉದುರಿದಂತೆ ಚಿತ್ರವೂ ಹೋಗುತ್ತದೆ, ಸಾಮಾನ್ಯವಾಗಿ 5ರಿಂದ 7 ದಿನ, ದಿನಾ ಮೈ ತಿಕ್ಕುವವರಿಗೆ ಅದಕ್ಕೂ ಬೇಗ. ಹೋಗುವಾಗ ತೇಪೆ ತೇಪೆಯಾಗಿ ಹೋಗುತ್ತದೆ, ನೋಡಲು ಚೆಂದ ಇರಲ್ಲ. ಮೈ ಕಂದಾಗಿದೆ ಅಂತ ಬಿಸಿಲಿನಿಂದ ಕಾಪಾಡುತ್ತದೆ ಅಂದುಕೊಳ್ಳಬೇಡಿ, ಸನ್‌ಸ್ಕ್ರೀನ್ ಹಚ್ಚಲೇಬೇಕು. ಮೊದಲು ಒಂದು ಚುಕ್ಕಿ ಹಚ್ಚಿ ಒಂದು ದಿನ ಬಿಟ್ಟು ನೋಡಿ, ತುರಿಸಿದರೆ ಬಿಟ್ಟುಬಿಡಿ.

ತಗೊಳ್ಳುವುದೇ ಆದರೆ ಡಿಸೆಂಬರ್-ಜನವರಿಯಲ್ಲಿ, ಸಿದ್ಧೇಶ್ವರ ಜಾತ್ರೆಯ ಚಳಿಯಲ್ಲಿ ತಗೊಳ್ಳಿ, ಮುಂಗೈ ಒಳಗೆ ಸಣ್ಣ ಚಿತ್ರ ಹಾಕಿ. ಬೇಸಿಗೆ ಮದುವೆಗಾದರೆ ಗಾಂಧಿ ಚೌಕದ ಕಡೆ ಹೋಗಿ ಮೆಹಂದಿ ಕೋನ್ ತನ್ನಿ, ಆದರೆ ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಅನ್ನುವ ಕರಿ ಮೆಹಂದಿ ಬೇಡ, ಅದರಲ್ಲಿ ಕೂದಲ ಡೈನಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಇರಬಹುದು, ಕೆಲವರಿಗೆ ಗುಳ್ಳೆ ಏಳುತ್ತದೆ.

ಉಳಿದ ಸ್ಟಿಕರ್ ನಾವು ಹಾಳು ಮಾಡಲಿಲ್ಲ. ಭಾವನ ಮಗಳು ಅಂಗೈಗೆ ಅಂಟಿಸಿ ಮೇಲೆ ಪೂರ್ತಿ ಮೆಹಂದಿ ಮೆತ್ತಿಕೊಂಡಳು, ಮರುದಿನ ಕೆಂಪು ಅಂಗೈ ನಡುವೆ ಹೂವು ಅಚ್ಚುಕಟ್ಟಾಗಿ ಬಿಟ್ಟುಕೊಂಡಿತ್ತು. ಲೋಷನ್‌ಗಿಂತ ನೂರು ಪಾಲು ವಾಸಿ. ಸ್ಟಿಕರ್ ಹಾಳೆಯನ್ನಷ್ಟೇ ಬೇರೆ ಮಾರಿ ಅಂತ ಅಂಗಡಿಯವರಿಗೆ ಮೆಸೇಜ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ.