ಆಫ್ರಿಕಾದ ರಾಜಕೀಯ ರಿಸ್ಕ್: ಅಂಕ ನೋಡೋದಾ, ಜರ್ನಲ್ ಓದೋದಾ?

ಆಫ್ರಿಕಾಕ್ಕೆ ಸರಕು ಕಳಿಸುವ ಸಣ್ಣ ಕಂಪನಿಗಳಿಗೆ ಅಲ್ಲಿನ ರಾಜಕೀಯದ ಬಗ್ಗೆ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ಅವರು ಮೊದಲು ಕೇಳುವುದು ಒಂದೇ: "ರಿಸ್ಕ್ ಎಷ್ಟು, ನಂಬರ್ ಹೇಳಿ." ನಂಬರ್ ಏನೋ ಇದೆ. ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ ಹೆಚ್ಚಿನ ದೇಶಗಳಿಗೆ 0ಯಿಂದ 7ರವರೆಗೆ ಅಂಕ ಕೊಡುತ್ತದೆ; ಅಂಕ ಹೆಚ್ಚಿದಷ್ಟೂ ರಿಸ್ಕ್ ಹೆಚ್ಚು. ಉಚಿತ, ಒಂದು ನಿಮಿಷದ ಕೆಲಸ. ಅದರ ಜೊತೆಗೆ ಆಫ್ರಿಕಾ ಕುರಿತ ಮೂರು ಸಂಶೋಧನಾ ಜರ್ನಲ್‌ಗಳನ್ನೂ ಇಟ್ಟುಕೊಂಡು, ಎಲ್ಲಕ್ಕೂ ಒಂದೇ ಪರೀಕ್ಷೆ ಕೊಟ್ಟೆ: ಜಾಂಬಿಯಾದ ಕೊಂಕೋಲಾ ತಾಮ್ರದ ಗಣಿ.

ಅದರ ಕಥೆ ಹೀಗೆ. 2004ರಲ್ಲಿ ವೇದಾಂತ 2.5 ಕೋಟಿ ಡಾಲರ್ ಕೊಟ್ಟು 51% ಪಾಲು ಕೊಂಡಿತು. 2014ರಲ್ಲಿ ವೇದಾಂತದ ಮುಖ್ಯಸ್ಥ ಅನಿಲ್ ಅಗರ್ವಾಲ್ ನಮ್ಮ ಬೆಂಗಳೂರಿನ ಸಭೆಯೊಂದರಲ್ಲಿ, ಗಣಿ ಎಷ್ಟು ಅಗ್ಗಕ್ಕೆ ಸಿಕ್ಕಿತು, ಈಗ ವರ್ಷಕ್ಕೆ 50 ಕೋಟಿ ಡಾಲರ್ ಹೇಗೆ ಬರುತ್ತಿದೆ ಎಂದು ಹೇಳಿಕೊಂಡರು. ಆ ವಿಡಿಯೊ ನೋಡಿ ಜಾಂಬಿಯಾದ ಜನ ಸಿಟ್ಟಾದರು. 2019ರಲ್ಲಿ ಅಧ್ಯಕ್ಷ ಎಡ್ಗರ್ ಲುಂಗು ಸರ್ಕಾರ, ಗಣಿ ಕಂಪನಿಯನ್ನು ಮುಚ್ಚುವ ಹೊಣೆ ಹೊರುವ ತಾತ್ಕಾಲಿಕ ಲಿಕ್ವಿಡೇಟರ್ ನೇಮಕವಾಗುವಂತೆ ಮಾಡಿತು. 2021ರಲ್ಲಿ ಸರ್ಕಾರ ಬದಲಾಯಿತು. 2024ರಲ್ಲಿ ಗಣಿ ಮತ್ತೆ ವೇದಾಂತಕ್ಕೇ ಬಂತು!

ಒಇಸಿಡಿ ಅಂಕದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅದು ಅಳೆಯುವುದು ಆ ದೇಶ ತನ್ನ ವಿದೇಶಿ ಸಾಲ ತೀರಿಸುತ್ತದೋ ಇಲ್ಲವೋ ಎಂಬುದನ್ನು. ರಫ್ತಿಗೆ ವಿಮೆ ಕೊಡುವವರಿಗೆ ಅಷ್ಟು ಸಾಕು. ಗಣಿ ಯಾರ ಕೈ ಸೇರುತ್ತದೆ ಎಂದು ತಿಳಿಯಬೇಕಾದವರಿಗೆ ಸಾಲದು.

ಆಫ್ರಿಕನ್ ಅಫೇರ್ಸ್ ಓದಿದಾಗ ವ್ಯತ್ಯಾಸ ಗೊತ್ತಾಯಿತು. ಇದು ಆಕ್ಸ್‌ಫರ್ಡ್ ಪ್ರೆಸ್‌ನ ಪ್ರಕಟಣೆ, 1901ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. 2006ರ ಜಾಂಬಿಯಾ ಚುನಾವಣೆ ಬಗ್ಗೆ 2007ರಲ್ಲಿ ಅದರಲ್ಲೊಂದು ಲೇಖನ ಬಂತು. ಆ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಮೈಕಲ್ ಸಾಟಾ ವಿದೇಶಿ ಹೂಡಿಕೆದಾರರ ವಿರುದ್ಧ ಗುಡುಗಿದರು. ಅಧ್ಯಕ್ಷರಾಗಲಿಲ್ಲ, ಆದರೆ ರಾಜಧಾನಿ ಲುಸಾಕಾ ಮತ್ತು ತಾಮ್ರದ ಗಣಿಗಳ ಪ್ರಾಂತ್ಯ ಕಾಪರ್‌ಬೆಲ್ಟ್ ಅವರ ಜೊತೆ ನಿಂತವು. 2019ರಲ್ಲಿ ಗಣಿಯ ಮೇಲೆ ಕೈ ಹಾಕಿದ ಲುಂಗು ಸಾಟಾ ಪಕ್ಷದವರೇ. ಒತ್ತಡ ಎಲ್ಲಿಂದ ಬರಬಹುದು ಅನ್ನೋದು ಹನ್ನೆರಡು ವರ್ಷ ಮೊದಲೇ ಬರೆದಿಟ್ಟಿತ್ತು, ಅಲ್ವಾ? ಈ ಜರ್ನಲ್‌ನ ಅಡಿಟಿಪ್ಪಣಿಗಳನ್ನು ನಾನು ಬಿಡದೆ ಓದುತ್ತೇನೆ. "ಸಂದರ್ಶನ, ಹಿರಿಯ ಅಧಿಕಾರಿ, ಲುಸಾಕಾ" ಎಂಬ ಥರದ ಒಂದು ಸಾಲಿನಲ್ಲೇ ಲೇಖಕರು ಯಾರ ಬಾಗಿಲು ತಟ್ಟಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅನ್ನೋದು ತಿಳಿಯುತ್ತದೆ. ಅರ್ಜೆಂಟ್ ಇದ್ದಾಗ 'ಬ್ರೀಫಿಂಗ್' ಎಂಬ ಚಿಕ್ಕ ಲೇಖನಗಳಿವೆ.

ಜರ್ನಲ್ ಆಫ್ ಮಾಡರ್ನ್ ಆಫ್ರಿಕನ್ ಸ್ಟಡೀಸ್ 1963ರಿಂದ ಬರುತ್ತಿದೆ, ಕೇಂಬ್ರಿಜ್‌ನದು. ವಿಷಯಗಳ ಹರವು ದೊಡ್ಡದು. ಆದರೆ ನನಗೆ ಬೇಕಾದದ್ದು ಸಿಗುವ ಮೊದಲು ಎಷ್ಟೋ ಸಲ ಸಿದ್ಧಾಂತದ ಪುಟಗಳನ್ನು ದಾಟಬೇಕು. ಪಿಎಚ್‌ಡಿ ಮಾಡುವವರಿಗೆ ಅದೇ ಬೇಕಿರಬಹುದು.

ರಿವ್ಯೂ ಆಫ್ ಆಫ್ರಿಕನ್ ಪೊಲಿಟಿಕಲ್ ಎಕಾನಮಿಯನ್ನು ನನ್ನ ಗಿರಾಕಿಗಳಿಗೆ ತೋರಿಸಿದರೆ ಮುಖ ಸಿಂಡರಿಸುತ್ತಾರೆ. 1974ರಿಂದಲೂ ಅದು ಎಡಪಂಥೀಯ, ಕಂಪನಿಗಳ ಮೇಲೆ ಕನಿಕರ ತೋರಿಸುವುದಿಲ್ಲ. ನಾನಂತೂ ಅದಕ್ಕೇ ಓದುತ್ತೇನೆ. ಗಣಿಗಳ ಖಾಸಗೀಕರಣದಿಂದ ಕಾರ್ಮಿಕರಿಗೆ ಏನಾಯಿತು ಎಂದು ಓದಿದರೆ ಸಾಟಾಗೆ ಮತ ಎಲ್ಲಿಂದ ಬಂತು ಅನ್ನೋದು ಗೊತ್ತಾಗುತ್ತದೆ. ಲೇಖಕರ ತೀರ್ಪು ಒಪ್ಪದಿದ್ದರೂ ಅವರು ಕೊಡುವ ವಿವರ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕದಲ್ಲೂ ಗೆಲ್ಲುವುದು ಇದೇ. 2024ರಲ್ಲಿ ದೊಡ್ಡ ಪ್ರಕಾಶಕರನ್ನು ಬಿಟ್ಟು ಹೊರಬಂದು, ಈಗ ಎಲ್ಲರಿಗೂ ಉಚಿತವಾಗಿದೆ. ಉಳಿದೆರಡರಲ್ಲಿ ಕೆಲವು ಲೇಖನ ಮಾತ್ರ ಉಚಿತ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದ್ದವರಿಗೆ 2025ರಿಂದ, ಜರ್ನಲ್ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್' ಯೋಜನೆ ಬಂದಿದೆ, ಲೈಬ್ರರಿಯಲ್ಲಿ ವಿಚಾರಿಸಿ. ನನ್ನಂಥ ಹೊರಗಿನವರು ಬೇಕಾದ ಲೇಖನಕ್ಕೆ ನೇರವಾಗಿ ಲೇಖಕರಿಗೇ ಮೇಲ್ ಹಾಕಬೇಕು. ಬಹಳಷ್ಟು ಜನ ಖುಷಿಯಿಂದಲೇ ಕಳಿಸುತ್ತಾರೆ.