‘ಬರೇ ಆರು ಮಂದಿ’ ಎಂಬ ಮಾತು ನಂಬಿ ನೇತ್ರಾಣಿಗೆ ಹೋದೆವು: ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ

ಗಂಗಾವತಿಯಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ (ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಪ್ರವಾಸ ಹೋಗಬೇಕೆಂದು ಯೋಚಿಸುತ್ತಿರುವವರು, ಅದರಲ್ಲೂ ಮನೆಯ ಮಕ್ಕಳನ್ನು ಕಳಿಸುತ್ತಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ದೀಪಾವಳಿ ಮುಗಿದ ವಾರ, ಭತ್ತದ ಕಟಾವು ಶುರುವಾಗುವ ಮೊದಲು ನಾಲ್ಕು ದಿನ ಬಿಡುವಿತ್ತೆಂದು ನಾವು ಆರು ಜನ ಹೋಗಿದ್ದೆವು. ನನ್ನ ಜೊತೆ ಬಂದವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ, ಇಪ್ಪತ್ತು ವರ್ಷದ ಹುಡುಗ. ಅವನ ಬಲಗಿವಿಯ ತಮಟೆ ಆ ದಿನ ಹರಿಯಿತು.

ಪ್ರವಾಸ ಗೊತ್ತು ಮಾಡಿದ್ದು ನಮ್ಮ ಕಡೆಯ ಒಬ್ಬ ಏಜೆಂಟರು. ತಲೆಗೆ 7,500 ರೂಪಾಯಿ, ಟೆಂಪೊ ಟ್ರಾವೆಲರ್, ಊಟ, ವಸತಿ, ಡೈವಿಂಗ್ ಎಲ್ಲ ಸೇರಿ. “ಸಣ್ಣ ತಂಡ ಸರ್, ಬರೇ ಆರು ಮಂದಿ, ನಿಮ್ಮದ ಬೋಟ್ ಇದ್ದಂಗ” ಎಂದು ಅವರು ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ತಂಗಿಯನ್ನು ಒಪ್ಪಿಸಲು ನಾನು ಅದೇ ಮಾತನ್ನು ಅವಳಿಗೆ ಹೇಳಿದ್ದೆ. ಹಣವನ್ನು ಫೋನ್‌ಪೇಯಲ್ಲಿ ಅವರ ಸ್ವಂತ ನಂಬರಿಗೆ ಹಾಕಿದೆವು. ರಸೀದಿ ಕೇಳಲಿಲ್ಲ, ಅದು ನಮ್ಮ ಮೊದಲ ತಪ್ಪು.

ರಾತ್ರಿ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು, ನಸುಕಿನಲ್ಲಿ ಅಂಕೋಲಾ ಹತ್ತಿರ ಚಹಾಕ್ಕೆ ನಿಂತಾಗ ಏಜೆಂಟರ ಹುಡುಗ ಎಲ್ಲರ ಕೈಗೂ ಒಂದೊಂದು ಇಂಗ್ಲಿಷ್ ಫಾರಂ ಕೊಟ್ಟ. ಆರೋಗ್ಯದ ಪ್ರಶ್ನಾವಳಿ ಅದು: ಅಸ್ತಮಾ ಇದೆಯೇ, ಮೂರ್ಛೆ ಬರುತ್ತದೆಯೇ, ಹೃದಯದ ತೊಂದರೆ ಇದೆಯೇ, ಕಿವಿಯ ಶಸ್ತ್ರಚಿಕಿತ್ಸೆ ಆಗಿದೆಯೇ, ಹೀಗೆ. ಆರೂ ಫಾರಂಗಳಲ್ಲಿ ಎಲ್ಲ ಪ್ರಶ್ನೆಗಳ ಮುಂದೆಯೂ ‘ಇಲ್ಲ’ ಎಂಬ ಕಡೆಗೆ ಒಂದೇ ನೀಲಿ ಪೆನ್ನಿನಿಂದ ಮೊದಲೇ ಗುರುತು ಬಿದ್ದಿತ್ತು. “ಸಹಿ ಅಷ್ಟ ಮಾಡ್ರಿ ಸರ್, ಉಳಿದದ್ದು ನಾ ತುಂಬೀನಿ” ಎಂದ. ಅಳಿಯನಿಗೆ ಮೂರು ದಿನದಿಂದ ನೆಗಡಿ ಇತ್ತು. ಮೂಗು ಕಟ್ಟಿದವರು ನೀರಿನ ಆಳಕ್ಕೆ ಇಳಿಯಲೇಬಾರದು ಎಂಬುದು ಡೈವಿಂಗ್ ಕಲಿಸುವವರು ಮೊದಲು ಹೇಳುವ ಮಾತುಗಳಲ್ಲಿ ಒಂದೆಂದು ಆಮೇಲೆ ತಿಳಿಯಿತು. ಆ ಫಾರಂ ಇರುವುದೇ ಇಂಥದ್ದನ್ನು ತಡೆಯಲು. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಒಪ್ಪಿಗೆ ಪತ್ರ ಬೇಕಾಗಬಹುದು. ಚಹಾದ ಲೋಟ ಇಟ್ಟು ನಾವು ಸಹಿ ಮಾಡಿದೆವು.

ನೇತ್ರಾಣಿ ಇರುವುದು ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ಒಳಗೆ, ಅರಬ್ಬೀ ಸಮುದ್ರದಲ್ಲಿ. ದೋಣಿಯಲ್ಲಿ ಒಂದರಿಂದ ಒಂದೂವರೆ ತಾಸಿನ ದಾರಿ. ದಡಕ್ಕೆ ಹೋದಾಗ ‘ನಮ್ಮ ಬೋಟಿ’ನಲ್ಲಿ ಆಗಲೇ ಜನ ಕೂತಿದ್ದರು. ನಾನು ಎಣಿಸಿದೆ: ನಮ್ಮನ್ನು ಸೇರಿಸಿ ಇಪ್ಪತ್ಮೂರು ಪ್ರವಾಸಿಗರು. ನೀರಿಗೆ ಕರೆದೊಯ್ಯುವವರು ಮೂವರು. ಅವರಲ್ಲಿ ಇನ್‌ಸ್ಟ್ರಕ್ಟರ್ ಒಬ್ಬರೇ, ಇನ್ನಿಬ್ಬರು ಸಹಾಯಕರು. ದಡದ ಹತ್ತಿರ, ನಿಂತರೆ ಎದೆಮಟ್ಟ ಬರುವ ನೀರಿನಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಮಾಡಿಸಲೇ ಇಲ್ಲ. ಬಾಯಿಂದ ಉಸಿರಾಡುವುದು, ಮುಖವಾಡಕ್ಕೆ ನುಗ್ಗಿದ ನೀರು ಹೊರಹಾಕುವುದು, ಕಿವಿಯ ಒತ್ತಡ ಸರಿಪಡಿಸಿಕೊಳ್ಳುವುದು, ಕೈಸನ್ನೆಗಳು, ಇಷ್ಟನ್ನೂ ಎಂಜಿನ್ ಸದ್ದಿನ ನಡುವೆ ಹತ್ತು ನಿಮಿಷ ಕೂಗಿ ಹೇಳಿದರು. ಹಿಂದೆ ಕೂತವರಿಗೆ ಅರ್ಧವೂ ಕೇಳಿಸಲಿಲ್ಲ.

ಕಿವಿಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತುಂಗಭದ್ರಾ ಕಾಲುವೆಯಲ್ಲಿ, ತೋಟದ ಬಾವಿಗಳಲ್ಲಿ ಈಜಿ ಬೆಳೆದ ನಮ್ಮ ಕಡೆಯ ಹುಡುಗರು ‘ನಮಗೆ ನೀರಿನ ಭಯ ಇಲ್ಲ’ ಎಂದೇ ಹೊರಡುತ್ತಾರೆ. ಬಾವಿಯಲ್ಲಿ ಮುಳುಗು ಹಾಕಿದವರು ಕೆಲವೇ ಕ್ಷಣಗಳಲ್ಲಿ ಮೇಲೆ ಬರುತ್ತಾರೆ. ಸ್ಕೂಬಾದಲ್ಲಿ ಕೆಳಗೆ ಇಳಿಯುತ್ತಲೇ ಹೋಗಿ ಅಲ್ಲೇ ಇರಬೇಕು. ನೀರಿನ ಮೇಲ್ಮೈಯಲ್ಲಿ ಇರುವ ಒತ್ತಡ 10 ಮೀಟರ್ ಆಳದಲ್ಲಿ ಎರಡು ಪಟ್ಟಾಗುತ್ತದೆ. ತಮಟೆಯ ಹಿಂದಿರುವ ಗಾಳಿ ಕುಗ್ಗಿ ತಮಟೆ ಒಳಕ್ಕೆ ಬಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ, ಗಂಟಲಿನ ಕಡೆಯಿಂದ ಕಿವಿಗೆ ಗಾಳಿ ಕಳಿಸಿ ಅದನ್ನು ಸಮ ಮಾಡಿಕೊಳ್ಳಬೇಕು. ಇದನ್ನು ಪ್ರತಿ ಮೀಟರಿಗೂ, ನೋವು ಬರುವ ಮೊದಲೇ ಮಾಡಬೇಕು. ನೆಗಡಿಯಾದವರಿಗೆ ಆ ದಾರಿಯೇ ಮುಚ್ಚಿರುತ್ತದೆ. ಆಗ ಇರುವ ಉಪಾಯ ಒಂದೇ: ಇಳಿಯುವುದನ್ನು ನಿಲ್ಲಿಸಿ ಮೇಲೆ ಬರುವುದು. ಹೊಸಬರಿಗೆ ಅದನ್ನು ಮಾಡಿಸಬೇಕಾದವರು ಜೊತೆಗೆ ಹೋದವರು. ಒಬ್ಬರ ಕೈಗೆ ಎಷ್ಟು ಜನರನ್ನು ಒಪ್ಪಿಸುತ್ತಾರೆ ಎಂಬ ಲೆಕ್ಕ ಜೀವದ ಲೆಕ್ಕವಾಗುವುದು ಇಲ್ಲಿಯೇ.

ಅಳಿಯನ ಸರದಿ ಮೂರನೆಯ ಗುಂಪಿನಲ್ಲಿ ಬಂತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರಿನಲ್ಲಿ, ಹಲ್ಲಿನಿಂದ ಕಚ್ಚಿ ಹಿಡಿಯುವ ರಬ್ಬರಿನ ಒಂದು ತುದಿ ಹರಿದುಹೋಗಿತ್ತು. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ (ಒತ್ತಡದ ಅಳತೆ) ತೋರಿಸಬೇಕಾದ ಮುಳ್ಳು 120ರ ಮೇಲಿತ್ತು. ಹಿಂದಿನವರು ಬಳಸಿದ ಸಿಲಿಂಡರನ್ನೇ ಅವನ ಬೆನ್ನಿಗೆ ಕಟ್ಟಿದ್ದರು. (ಅದರೊಳಗೆ ಇರುವುದು ಆಕ್ಸಿಜನ್ ಎಂದು ನಾನೂ ತಿಳಿದಿದ್ದೆ. ಅದು ಒತ್ತಿ ತುಂಬಿದ ಸಾಮಾನ್ಯ ಗಾಳಿ.) ಒಬ್ಬ ಸಹಾಯಕ ಎಡಗೈಯಲ್ಲಿ ಇವನನ್ನೂ ಬಲಗೈಯಲ್ಲಿ ಸಿಂಧನೂರಿನ ಇನ್ನೊಬ್ಬರನ್ನೂ ಸಿಲಿಂಡರಿನ ಕತ್ತಿನ ಹತ್ತಿರ ಹಿಡಿದು ಇಳಿದ. ಎರಡು ಆಳು ಎತ್ತರ ಇಳಿಯುವಷ್ಟರಲ್ಲಿ ಅಳಿಯ ಅಂಗೈ ಅಲುಗಿಸಿ, ಬೆರಳಿನಿಂದ ಕಿವಿ ತೋರಿಸಿದ್ದಾನೆ. ತೊಂದರೆ ಇದೆ ಎಂಬ ಆ ಸನ್ನೆಯನ್ನು ಸಹಾಯಕ ನೋಡಿ, ಮೂಗು ಊದು ಎಂದು ತೋರಿಸಿ, ಅತ್ತ ಗಾಬರಿಯಾಗಿ ಕಾಲು ಬಡಿಯುತ್ತಿದ್ದ ಇನ್ನೊಬ್ಬರ ಕಡೆ ತಿರುಗಿದ. ಇಳಿಯುವುದು ಮಾತ್ರ ನಿಲ್ಲಲಿಲ್ಲ. ತಮಟೆ ಹರಿದು ತಣ್ಣೀರು ಒಳಗೆ ನುಗ್ಗಿದ ಕೂಡಲೆ ತಲೆ ಗಿರ್ರನೆ ತಿರುಗಿ, ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತಿಳಿಯಲಿಲ್ಲವೆಂದು ಅವನು ಆಮೇಲೆ ಹೇಳಿದ. ಆ ಗಾಬರಿಯಲ್ಲಿ ಅವನು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದ್ದರೆ ಶ್ವಾಸಕೋಶಕ್ಕೇ ಪೆಟ್ಟಾಗಬಹುದಿತ್ತು. ಅದೊಂದು ಆಗಲಿಲ್ಲ.

ದೋಣಿಗೆ ಎಳೆದುಕೊಂಡಾಗ ಮುಖವಾಡದ ಗಾಜಿನ ಕೆಳಗೆ, ಮೂಗಿನ ಹತ್ತಿರ ತೆಳ್ಳನೆಯ ರಕ್ತ ನಿಂತಿತ್ತು. “ಮಾಮಾ, ಕಿವ್ಯಾಗ ಏನೋ ಒಡದಂಗಾತು” ಎಂದು ನನ್ನ ತೋಳು ಹಿಡಿದು ವಾಂತಿ ಮಾಡಿದ. ದೋಣಿಯಲ್ಲಿ ಪ್ರಥಮ ಚಿಕಿತ್ಸೆ ಎಂದು ಸಿಕ್ಕಿದ್ದು ಹತ್ತಿಯ ಉಂಡೆ. ಆಕ್ಸಿಜನ್ ಕಿಟ್ ಎಲ್ಲಿದೆ ಎಂದು ಕೇಳಿದರೆ ದಡದಲ್ಲಿದೆ ಎಂದರು. ಇನ್ನೂ ಎಂಟು ಜನರ ಸರದಿ ಬಾಕಿ ಇದ್ದ ಕಾರಣ ದೋಣಿ ಹೊರಡಲಿಲ್ಲ; ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು ಎರಡು ತಾಸು ಅಲ್ಲೇ ಕಾದೆ. ಆ ಎರಡು ತಾಸುಗಳನ್ನು ನಾನು ಮರೆಯಲಾರೆ.

ಮರುದಿನ ಹುಬ್ಬಳ್ಳಿಯ ಕಿವಿ ವೈದ್ಯರು ತಮಟೆಯಲ್ಲಿ ತೂತಾಗಿರುವುದನ್ನು ತೋರಿಸಿದರು. ಕಿವಿಗೆ ಹನಿ ನೀರೂ ತಾಗದಂತೆ ಎರಡು ತಿಂಗಳು ಕಾದ ಮೇಲೆ ತೂತು ಮುಚ್ಚಿದೆ. ಕಿವಿಯೊಳಗೆ ಸಿಳ್ಳೆಯಂಥ ಸದ್ದು ಮಾತ್ರ ಇನ್ನೂ ಹೋಗಿಲ್ಲ.

ಏಜೆಂಟರು “ಸಮುದ್ರ ಅಂದ್ರ ಹಿಂಗ ರೀ” ಎಂದು ಕೈ ಚೆಲ್ಲಿದರು. ಡೈವಿಂಗ್ ನಡೆಸುವವರನ್ನು ಕೇಳಿದರೆ, ಆರು ಮಂದಿಯ ದೋಣಿ ಎಂದು ತಾವು ಯಾರಿಗೂ ಹೇಳಿಲ್ಲವೆಂದೂ, ಏಜೆಂಟರಿಂದ ತಮಗೆ ತಲೆಗೆ ಇಷ್ಟು ಎಂದು ಹಣ ಬರುತ್ತದೆಯೇ ಹೊರತು ಅವರು ಕೊಟ್ಟ ಮಾತುಗಳು ತಮಗೆ ಗೊತ್ತಿಲ್ಲವೆಂದೂ ಹೇಳಿದರು. ಮಾತು ಕೊಟ್ಟವರು ನೀರಿಗೆ ಇಳಿಯುವುದಿಲ್ಲ, ನೀರಿಗೆ ಇಳಿಸುವವರು ಮಾತು ಕೊಟ್ಟಿಲ್ಲ.

ಆದ್ದರಿಂದ ಹೋಗುವವರು ಏಜೆಂಟರನ್ನು ಬಿಟ್ಟು ಡೈವಿಂಗ್ ಕೇಂದ್ರಕ್ಕೆ ನೇರವಾಗಿ ಫೋನ್ ಮಾಡಿ. ‘ತಂಡದಲ್ಲಿ ಎಷ್ಟು ಜನ’ ಎಂದು ಕೇಳಿದರೆ ಸಾಲದು. ‘ನೀರಿನೊಳಗೆ ಒಬ್ಬ ಇನ್‌ಸ್ಟ್ರಕ್ಟರ್ ಕೈಯಲ್ಲಿ ಎಷ್ಟು ಜನ’ ಎಂದು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮೊದಲ ಸಲ ಇಳಿಯುವವರನ್ನು ಒಬ್ಬರಿಗೆ ಒಬ್ಬರಂತೆ ಕರೆದೊಯ್ಯುವವರು ಸಿಕ್ಕರೆ ಸಾವಿರ ರೂಪಾಯಿ ಹೆಚ್ಚಾದರೂ ಅವರಲ್ಲಿಗೇ ಹೋಗಿ. ಇನ್‌ಸ್ಟ್ರಕ್ಟರ್ ಹೆಸರು, ಸದಸ್ಯತ್ವ ಸಂಖ್ಯೆ ಕೇಳಿ. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪ್ಯಾಡಿಯವರಾದರೆ ಅದರ ಜಾಲತಾಣದಲ್ಲಿಯೇ ಪರೀಕ್ಷಿಸಬಹುದು. ತರಬೇತಿ ಪಡೆಯದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಹಾಗೆಯೇ, ಡೈವಿಂಗ್ ಆದ ಬಳಿಕ ಕನಿಷ್ಠ 12 ತಾಸು ವಿಮಾನ ಏರಬಾರದೆಂಬ ಸೂಚನೆ ಇದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಎತ್ತರದ ಘಟ್ಟ ಏರುವುದಕ್ಕೂ ಅದೇ ಎಚ್ಚರ ಬೇಕು. ಹುಬ್ಬಳ್ಳಿ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಆದ್ದರಿಂದ ಅದೇ ಸಂಜೆ ಊರಿಗೆ ಹೊರಡಿಸುವ ಪ್ಯಾಕೇಜನ್ನು ಒಪ್ಪಬೇಡಿ. ಕಡಲಿನಲ್ಲಿ ತುರ್ತು ಬಂದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಾನು ಕೊಪ್ಪಳದಲ್ಲಿ ಸಲ್ಲಿಸಲು ಕಾಗದ ಹೊಂದಿಸುತ್ತಿದ್ದೇನೆ. ಫೋನ್‌ಪೇ ದಾಖಲೆ, ವೈದ್ಯರ ಚೀಟಿ ಇವೆ. ಆ ದಿನ ದೋಣಿಯಲ್ಲಿ ಎಷ್ಟು ಜನ ಇದ್ದರು ಎಂಬುದಕ್ಕೆ ನನ್ನ ಬಾಯಿಮಾತಿನ ಹೊರತು ಪುರಾವೆ ಇಲ್ಲ. ದೀಪಾವಳಿಯ ಮುಂದಿನ ಶನಿವಾರ ಅದೇ ದೋಣಿಯಲ್ಲಿದ್ದ ಸಿಂಧನೂರಿನ ಸಹೋದರರು ಎಲ್ಲರೂ ನಿಂತು ಒಂದು ಫೋಟೊ ತೆಗೆಸಿಕೊಂಡಿದ್ದರು. ಅವರಲ್ಲಿ ಯಾರಾದರೂ ಇದನ್ನು ಓದಿದರೆ ದಯವಿಟ್ಟು ಆ ಫೋಟೊ ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಬೇಕು.