ಕೃಷ್ಣೆಯ ಎರಡು ನಡುಗಡ್ಡೆಗಳು: ಜಲದುರ್ಗವೋ, ಕುರುವಪುರವೋ?

ಕಲಬುರಗಿ, ಶಹಾಪುರ, ಸುರಪುರ ಕಡೆಯವರು ಒಂದೇ ದಿನದಲ್ಲಿ ನಡುಗಡ್ಡೆಯ ಊರೊಂದನ್ನು ನೋಡಿ ರಾತ್ರಿ ಊಟಕ್ಕೆ ಮನೆ ಸೇರಬೇಕೆಂದರೆ ಕೋಟೆಯಿರುವ ಜಲದುರ್ಗಕ್ಕೆ ಹೋಗಬೇಕು. ಎರಡೂ ಕಡೆ ಹೋಗಿಬಂದ ಮೇಲೆ ನನ್ನ ಮಾತು ಇದೇ. ದತ್ತಾವತಾರಿ ಶ್ರೀಪಾದ ಶ್ರೀವಲ್ಲಭರ ಸ್ಥಾನವಾದ ಕುರುವಪುರದ ಮೇಲೆ ಭಕ್ತಿ ಇರುವವರು ಬೇಸರ ಮಾಡಿಕೊಳ್ಳಬಾರದು. ಅಲ್ಲಿಗೆ ಹೋಗುವ ಕ್ರಮವೇ ಬೇರೆ, ಅದನ್ನೂ ಬರೆದಿದ್ದೇನೆ.

ಎರಡೂ ರಾಯಚೂರು ಜಿಲ್ಲೆಯವು: ಜಲದುರ್ಗ ಲಿಂಗಸುಗೂರು ತಾಲ್ಲೂಕು, ಕುರುವಪುರ ರಾಯಚೂರು ತಾಲ್ಲೂಕು. ನಮ್ಮ ಯಾದಗಿರಿ ಜಿಲ್ಲೆಯದೇ ಆದ ನೀಲಕಂಠರಾಯನಗಡ್ಡಿಯನ್ನು ಬೇಕೆಂದೇ ಬಿಟ್ಟಿದ್ದೇನೆ. 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆ ಕಟ್ಟಿಕೊಂಡು, ತುಂಬಿ ಹರಿಯುವ ಹೊಳೆಯನ್ನು ಈಜಿ ದಡ ಸೇರಿದ್ದು ಆ ಊರಿನಿಂದಲೇ. ಜನ ಅಷ್ಟು ಕಷ್ಟ ಉಂಡ ಊರಿಗೆ ಫೋಟೊ ತೆಗೆಯಲೆಂದು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಕುರುವಪುರದಲ್ಲಿ ತೊಡಕು ಒಂದೇ, ಹೊಳೆ ದಾಟುವುದು. ರಾಯಚೂರು ಕಡೆಯಿಂದಾದರೆ ಆತ್ಕೂರಿಗೆ, ತೆಲಂಗಾಣದ ಕಡೆಯಿಂದಾದರೆ ಮಕ್ತಲ್ ಮೇಲೆ ಪಂಚದೇವ ಪಹಾಡಕ್ಕೆ ಹೋಗಿ ಅರಗೋಲು ಹಿಡಿಯಬೇಕು. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದ ದುಂಡನೆಯ ದೊಡ್ಡ ಬುಟ್ಟಿ ಅದು. ತಳ ಚಪ್ಪಟೆ, ಮೂತಿ ಇಲ್ಲ, ಹಾಗಾಗಿ ನೇರ ಹೋಗುವುದಿಲ್ಲ. ಸೆಳೆತ ಇದ್ದಾಗ ಅಂಬಿಗರು ಮೊದಲು ದಡಗುಂಟ ಮೇಲಕ್ಕೆ ಒಯ್ದು, ಅಲ್ಲಿಂದ ನೀರಿಗೆ ಬಿಟ್ಟು, ಓರೆಯಾಗಿ ತೇಲಿಸಿಕೊಂಡು ಆಚೆ ಮುಟ್ಟಿಸುತ್ತಾರೆ. ಜನ ತುಂಬುವ ತನಕ ಕಾಯುವುದು ಬೇರೆ. ಗುರುವಾರ ಬೇಗ ತುಂಬುತ್ತದೆ, ಆದರೆ ಸರದಿಯೂ ಅಷ್ಟೇ ಉದ್ದ. ಇತರ ದಿನ ನಾಲ್ಕೇ ಜನ ಇದ್ದರೆ ಪೂರಾ ಅರಗೋಲಿನ ಬಾಡಿಗೆ ಕೊಡಬೇಕು, ಇಲ್ಲವೇ ಬಿಸಿಲಲ್ಲಿ ಕೂರಬೇಕು.

ಹತ್ತುವಾಗ ಅಂಚಿನ ಮೇಲೆ ಕಾಲಿಡಬೇಡಿ, ಒಂದೇ ಕಡೆ ಭಾರ ಬಿದ್ದರೆ ವಾಲುತ್ತದೆ. ನಟ್ಟನಡುವೆ ಕಾಲಿಟ್ಟು, ತಕ್ಷಣ ಕೂತು, ಎದುರುಬದುರು ತೂಕ ಸರಿ ಮಾಡಿಕೊಳ್ಳಿ. ತಳದಲ್ಲಿ ಬೆರಳೆರಡು ನೀರು ನಿಂತಿರುತ್ತದೆ, ಚೀಲ ತೊಡೆಯ ಮೇಲಿರಲಿ. ಬಾಡಿಗೆಯನ್ನು ಹೋಗಿಬರುವುದಕ್ಕೆ ಸೇರಿಸಿಯೇ ಮಾತಾಡಿ, ಮರಳಿ ಯಾರು ಕರೆತರುತ್ತಾರೆ, ಎಷ್ಟು ಗಂಟೆಗೆ ಎಂಬುದನ್ನು ಈಚೆ ದಡದಲ್ಲೇ ಗೊತ್ತು ಮಾಡಿಕೊಳ್ಳಿ. ಇದೊಂದನ್ನು ಮರೆತವರು ಸಂಜೆ ಆಚೆ ದಡದಲ್ಲಿ ಪರದಾಡುತ್ತಾರೆ. ಕತ್ತಲಾದ ಮೇಲೆ ಅರಗೋಲು ಬಿಡುವುದಿಲ್ಲ, ಬಿಡಲೂಬಾರದು. ಮಕ್ಕಳಿದ್ದರೆ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿಯೇ ಹತ್ತಿಸಿ.

ಇನ್ನು ನೀರಿನ ಲೆಕ್ಕ. ಜಲದುರ್ಗಕ್ಕೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ನದಿಗೆ ಎಷ್ಟು ಬಿಟ್ಟಿದ್ದಾರೆ ಎಂಬ ಒಂದು ಅಂಕಿ ನೋಡಿದರೆ ಸಾಕು. ಕುರುವಪುರ ಇರುವುದು ಭೀಮೆ ಬಂದು ಕೃಷ್ಣೆ ಸೇರಿದ ಮೇಲಿನ ಹರಿವಿನಲ್ಲಿ. ಹಾಗಾಗಿ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತದೆ. ಕೃಷ್ಣೆ ಶಾಂತವಾಗಿದ್ದರೂ ಭೀಮೆಗೆ ಕಟ್ಟಿದ ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿದರೆ ಇಲ್ಲಿ ಅರಗೋಲು ನಿಲ್ಲುತ್ತದೆ. ಕೆಳಗೆ ಜೂರಾಲ ಅಣೆಕಟ್ಟಿನ ಹಿನ್ನೀರು ಬೇರೆ: ಅಗಲವಾದ ನೀರಿನ ಮೇಲೆ ಮಧ್ಯಾಹ್ನ ಗಾಳಿ ಎದ್ದರೆ ಅಲೆ ಏಳುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡದಿಂದ ಅರಗೋಲಿನವರೆಗೆ ಎರಿಮಣ್ಣಿನ ರಾಡಿ, ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದೇ ನಡೆಯಬೇಕು.

ಜುಲೈಯಿಂದ ಅಕ್ಟೋಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಸವಸಾಗರದ ಹೊರಹರಿವು ನೋಡಿ. ಆರು ಸಾವಿರ ಕ್ಯುಸೆಕ್ ಆಸುಪಾಸು ಎಂದರೆ ವಿದ್ಯುತ್ ಘಟಕದ ನೀರು ಮಾತ್ರ, ಚಿಂತೆಯಿಲ್ಲ. ಒಂದೂವರೆ, ಎರಡು ಲಕ್ಷಕ್ಕೆ ಏರಿದರೆ ಲಿಂಗಸುಗೂರು ತಾಲ್ಲೂಕಿನಲ್ಲಿ ತಗ್ಗಿನಲ್ಲಿರುವ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಗ ಎರಡೂ ಕಡೆಯ ಪ್ರವಾಸ ಬಿಟ್ಟುಬಿಡಿ. 2019ರ ಆಗಸ್ಟ್‌ನಲ್ಲಿ ಹೊರಹರಿವು ಆರು ಲಕ್ಷ ದಾಟಿತ್ತು.

ಜಲದುರ್ಗಕ್ಕೆ ಈ ಯಾವ ಕಾಯುವಿಕೆಯೂ ಇಲ್ಲ. ಶಹಾಪುರ, ಸುರಪುರ, ತಿಂಥಣಿ ಸೇತುವೆ, ಲಿಂಗಸುಗೂರು, ಅಲ್ಲಿಂದ ಉತ್ತರಕ್ಕೆ. ಸೇತುವೆ ದಾಟಿದರೆ ಊರು, ಊರಿನ ಮೇಲೆ ಕೋಟೆ. ಕೃಷ್ಣೆ ಇಲ್ಲಿ ಎರಡು ಕವಲಾಗಿ ಗುಡ್ಡವನ್ನು ಸುತ್ತುತ್ತದೆ. ದಖ್ಖನ್ ಪ್ರಸ್ಥಭೂಮಿಯಿಂದ ಸುರಪುರ, ರಾಯಚೂರು ಬಯಲಿಗೆ ಇಳಿಯುವಾಗ ನದಿ ಮೂರು ಮೈಲಿಯಲ್ಲಿ 408 ಅಡಿ ಇಳಿಯುತ್ತದೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಕೋಟೆಯ ಅಂಚಿಗೆ ನಿಂತು ಕೆಳಗಿನ ಬಂಡೆಗಳನ್ನು ನೋಡಿದರೆ ನೀರಿನ ಆ ರಭಸ ಅರ್ಥವಾಗುತ್ತದೆ. ಆದಿಲಶಾಹಿ ಕಾಲದಲ್ಲಿ ಕೈದಿಗಳನ್ನು ಇಲ್ಲಿಂದಲೇ ನದಿಗೆ ತಳ್ಳುತ್ತಿದ್ದರೆಂದು ಹೇಳುತ್ತಾರೆ. ಗೋಡೆಗಳು ಅಲ್ಲಲ್ಲಿ ಕುಸಿದಿವೆ, ಅಂಚಿಗೆ ತಡೆ ಇಲ್ಲ. ಹುಲ್ಲು ಬೆಳೆದಾಗ ಸಡಿಲ ಕಲ್ಲು ಕಾಣುವುದಿಲ್ಲ, ಶೂ ಹಾಕಿಕೊಳ್ಳಿ. ಒಳ್ಳೆಯ ಹೋಟೆಲು ಲಿಂಗಸುಗೂರಿನಲ್ಲೇ ಕೊನೆ. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಕಟ್ಟಿಕೊಂಡು, ತಲೆಗೆ ಎರಡು ಲೀಟರಿನಂತೆ ನೀರು ಒಯ್ಯಿರಿ.

ಜಲದುರ್ಗ ಗೆಲ್ಲುವುದು ಮರಳುವ ದಾರಿಯಲ್ಲಿ. ಬಂದ ದಾರಿ ಬಿಟ್ಟು ನಾರಾಯಣಪುರ, ಹುಣಸಗಿ ಮೇಲೆ ಸುರಪುರಕ್ಕೆ ಬಂದರೆ ಛಾಯಾಭಗವತಿ ಸಿಗುತ್ತಾಳೆ: ನದಿಗೆ ಇಳಿಯುವ ಮೆಟ್ಟಿಲು, ಬಂಡೆಗಳ ನಡುವೆ ಗುಡಿ. ಪ್ರವಾಹದಲ್ಲಿ ಮುಳುಗುವ ಜಾಗ ಅದು, ಮಳೆಗಾಲದಲ್ಲಿ ಕೆಳಗಿನ ಮೆಟ್ಟಿಲಿಗೆ ಹೋಗಬೇಡಿ. ಪಕ್ಕದಲ್ಲೇ 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟು, 30 ಗೇಟು, ಹತ್ತೂವರೆ ಕಿಲೋಮೀಟರ್ ಉದ್ದ. ಗೇಟು ತೆರೆದ ದಿನ ದೂರದಿಂದಲೇ ಮುಖಕ್ಕೆ ತುಂತುರು ಬಡಿಯುತ್ತದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧಗಳ ನೆಲೆ ಸಿಕ್ಕಿದೆ. ಬರಿಗಣ್ಣಿಗೆ ಅಲ್ಲಿ ಹೊಲವೇ ಕಾಣುವುದು, ಆಸಕ್ತಿ ಇದ್ದವರು ಓದಿಕೊಂಡು ಹೋಗಬೇಕು.

ಈಜು: ಎರಡೂ ಕಡೆ ಬೇಡ. ಕೃಷ್ಣೆಯಲ್ಲಿ ಮೊಸಳೆ ಇವೆ.

ಖರ್ಚಿನಲ್ಲಿ, ಐದು ಜನ ಒಂದು ಕಾರಿನಲ್ಲಿ ಹಂಚಿಕೊಂಡರೆ ಜಲದುರ್ಗ ಅಗ್ಗ, ಎಣ್ಣೆ ಬಿಟ್ಟರೆ ಬೇರೆ ಖರ್ಚೇ ಇಲ್ಲ. ಸ್ವಂತ ಗಾಡಿ ಇಲ್ಲದವರಿಗೆ, ಒಬ್ಬರೇ ಹೋಗುವವರಿಗೆ ಕುರುವಪುರವೇ ಅಗ್ಗ: ಕಲಬುರಗಿ ಅಥವಾ ಯಾದಗಿರಿಯಿಂದ ರೈಲಿನಲ್ಲಿ ರಾಯಚೂರು, ಅಲ್ಲಿಂದ ಆತ್ಕೂರು. ದತ್ತ ಕ್ಷೇತ್ರ ಗಾಣಗಾಪುರಕ್ಕೆ ನಡೆದುಕೊಳ್ಳುವ ಮನೆತನದವರಿಗೆ ಶ್ರೀಪಾದ ಶ್ರೀವಲ್ಲಭರ ಈ ಸ್ಥಾನ, ದತ್ತ ಪಂಥದ ಸಂತ ಟೆಂಬೆ ಸ್ವಾಮಿಗಳ ಗವಿ, ಹಳೆಯ ಆಲದ ಮರ ಬಿಟ್ಟರೆ ಯಾತ್ರೆ ಅರ್ಧವೇ. ಅವರು ದಿನದೊಳಗೆ ಮುಗಿಸುವ ಹಟ ಬಿಡಬೇಕು. ದತ್ತ ಜಯಂತಿ, ಗುರುದ್ವಾದಶಿ ತಪ್ಪಿಸಿ, ಚಳಿಗಾಲದ ಸಾದಾ ದಿನ ಮಧ್ಯಾಹ್ನದೊಳಗೆ ದಾಟಿ. ಒಳಗೆ ಗಂಡಸರು ಅಂಗಿ ತೆಗೆಯಬೇಕು, ಶಲ್ಯ ಒಯ್ಯಿರಿ. ಅರ್ಚಕರ ಮನೆಗಳಲ್ಲಿ ಊಟ, ವಸತಿ ಆಗುತ್ತದೆ, ಮೊದಲೇ ಹೇಳಿಟ್ಟಿರಬೇಕು. ಮರುದಿನ ಬೆಳಗಿನ ಮೊದಲ ಅರಗೋಲಿಗೆ ಈಚೆ ಬನ್ನಿ, ಆ ಹೊತ್ತಿಗೆ ಗಾಳಿ ಇನ್ನೂ ಎದ್ದಿರುವುದಿಲ್ಲ.